ಸೋದರತ್ತೆಯ ಬೆನ್ನು

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಒಬ್ಬಳಿಗೆ ಹೊಡೆತ ಬೀಳಲೇಬೇಕು. ಆ ಒಬ್ಬಳು ಕೂಸಿನ ಸೋದರತ್ತೆ, ಅಂದರೆ ಅಪ್ಪನ ಅಕ್ಕ ಅಥವಾ ತಂಗಿ. ಅವಳು ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್‌ರ್‌ರ್" ಎಂದು ಊದಿ ಹೆಸರು ಹೇಳುತ್ತಾಳೆ. ಹೇಳಿ ಮುಗಿಸುವುದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಬಳೆ ಮೇಲೇರಿಸಿಕೊಂಡು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಯಾಕೆ ಗುದ್ದುತ್ತೀರಿ ಎಂದು ನಾನು ಬಹಳ ಜನರನ್ನು ಕೇಳಿದ್ದೇನೆ. "ಗುದ್ದಬೇಕು, ಅದಕ್ಕ ಗುದ್ದತಾರ" ಎನ್ನುವುದಕ್ಕಿಂತ ಒಳ್ಳೆಯ ಉತ್ತರ ಯಾರೂ ಕೊಟ್ಟಿಲ್ಲ.

ನನಗೆ ಆ ಗುದ್ದು ಬೇಕಾಗಿತ್ತು. ಬೇರೆಯವರು ಬಂಗಾರದ ಬಳೆ ಬೇಕು ಅನ್ನುತ್ತಾರೆ, ಸೈಟು ಬೇಕು ಅನ್ನುತ್ತಾರೆ. ನನಗೆ ನನ್ನ ತಮ್ಮನ ಕೂಸಿನ ತೊಟ್ಟಿಲ ಮುಂದೆ ಬೆನ್ನ ಮೇಲೆ ನಾಲ್ಕು ಗುದ್ದು ಬಿದ್ದರೆ ಸಾಕಾಗಿತ್ತು. ಅಷ್ಟಕ್ಕಾಗಿ ಆದ ರಾಮಾಯಣ ಇದು.

ನಾನು ಹುಟ್ಟಿದಾಗ ಗಂಡು ಎಂದು ತಿಳಿದು ಮನೆಯವರು ಇಡೀ ಓಣಿಗೆ ಪೇಡೆ ಹಂಚಿದ್ದರು. ಗಂಡಾದರೆ ಪೇಡೆ, ಹೆಣ್ಣಾದರೆ ಬರ್ಫಿ, ಅದು ನಮ್ಮ ಓಣಿಯ ಕಾಯಿದೆ. ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವತ್ತು ಅವರ ಪಾಳಿಯವರಿಗೆಲ್ಲ ಪೇಡೆಯೇ ಊಟ. ನಾನು ಹೆಣ್ಣು ಎನ್ನುವುದು ನನಗೆ ಬೇಗ ಗೊತ್ತಾಯಿತು, ಮನೆಯವರಿಗೆ ಗೊತ್ತಾಗಲು ತಡವಾಯಿತು. ಕೊನೆಗೊಂದು ದಿನ ಸೀರೆ ಉಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಅತ್ತಳು. ಅಳುವಿನ ನಡುವೆ ಅವಳು ಹೇಳಿದ್ದು ಇಷ್ಟೇ: "ಪೇಡೆ ತಿಂದ ಮಂದಿ ಏನಂದಾರು?"

ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು, "ತಿಂದವರು ಏನ ವಾಪಸ್ ಕೊಡ್ತಾರೇನು? ರೊಟ್ಟಿ ಹೊತ್ತಾಕ್ಹತ್ತೇತಿ ನೋಡು."

ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಚರ್ಚೆ ಆಗಲಿಲ್ಲ. ಚರ್ಚೆಯನ್ನೆಲ್ಲ ಊರಿನವರು ವಹಿಸಿಕೊಂಡರು. ನಾನು ದಾಂಡೇಲಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ನಾನು ಹೊಲಿದ ಜಂಪರದ ತೋಳು ಎಲ್ಲೂ ಹಿಡಿಯುವುದಿಲ್ಲ, ಇದನ್ನು ಜಂಬದಿಂದಲೇ ಹೇಳುತ್ತೇನೆ. ಆದರೂ ಕೆಲವರು ನನಗೆ ಅಳತೆ ಕೊಡಲು ನಾಚುತ್ತಾರೆ. "ಹೆಂಗರೀ ನಿಮ್ಮ ಕಡೆ…" ಎಂದು ಸೆರಗು ಎಳೆದುಕೊಂಡು ಹೋಗಿ, ಪೇಟೆಯ ಗಡ್ಡದ ಟೇಲರ್ ಮಾಸ್ತರರ ಮುಂದೆ ಎರಡೂ ಕೈ ಎತ್ತಿ ನಿಂತು ಅಳತೆ ಕೊಡುತ್ತಾರೆ. ಆ ಮಾಸ್ತರರು ನನಗೆ ಒಳ್ಳೆಯ ಗೆಳೆಯರು. ಗಿರಾಕಿ ಹೋದಮೇಲೆ ಆ ಬಟ್ಟೆಯನ್ನು ನನ್ನ ಬಳಿಗೇ ಹೊಲಿಯಲು ಕಳಿಸುತ್ತಾರೆ.

ಬಸ್ಸಿನದು ಇನ್ನೊಂದು ತಮಾಷೆ. ಒಮ್ಮೆ ಹಳಿಯಾಳದಿಂದ ಬರುವಾಗ ಕಂಡಕ್ಟರ್ ಟಿಕೆಟ್ ಎಂದು ನನ್ನ ಮುಂದೆ ನಿಂತ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನವನು, "ಹೆಂಗಸರಿಗೆ ಟಿಕೆಟ್ ಇಲ್ಲಲ್ರೀ" ಅಂದ. ಅವನ ಪಕ್ಕದವನು, "ಹೆಂಗಸಲ್ಲೋ ಮಾರಾಯಾ, ದನಿ ಕೇಳು" ಅಂದ. ಇನ್ನೂ ನಾನು ಮಾತೇ ಆಡಿರಲಿಲ್ಲ. ಬಸ್ಸೆಲ್ಲ ಎರಡು ಪಕ್ಷವಾಯಿತು. ಮುದುಕಿಯೊಬ್ಬಳು ನನ್ನ ಕೈಬಳೆ ಮುಟ್ಟಿ ನೋಡಿ ತನ್ನ ಮತ ಹಾಕಿದಳು. ಕಂಡಕ್ಟರ್ ಸಾಕಾಗಿ, "ಸರಕಾರ ಹೆಂಗಸರಿಗೂ ಇಂಥವರಿಗೂ ಇಬ್ಬರಿಗೂ ಫುಕಟ್ ಮಾಡೇತ್ರಿ! ಯಾರಾದ್ರೇನು, ಸುಮ್ಮ ಕುಂದರ್ರಿ" ಎಂದು ಚೀರಿದ. ಆಮೇಲೆ ನೋಡಿದರೆ, ಎಲ್ಲರಿಗಿಂತ ಜೋರಾಗಿ ವಾದಿಸಿದ ಆ ಹಿಂದಿನ ಸೀಟಿನ ಗಂಡಸೇ ಟಿಕೆಟ್ ತೆಗೆದಿರಲಿಲ್ಲ.

ಇಂಥದ್ದೆಲ್ಲ ನನಗೆ ರೂಢಿಯಾಗಿತ್ತು. ತಲೆಗೆ ಏರಿಸಿಕೊಳ್ಳುತ್ತಿರಲಿಲ್ಲ. ಆದರೆ ಒಂದು ದಿನ ಬೆಳಿಗ್ಗೆ ತಮ್ಮ ಆಸ್ಪತ್ರೆಯಿಂದ ಫೋನ್ ಮಾಡಿ, "ಅಕ್ಕಾ, ನೀ ಅತ್ತಿ ಆದಿ!" ಅಂದ. ನಾನು ಹೊಲಿಗೆ ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಯಾರದೋ ಹೊಸ ಜಂಪರ ತೊಯ್ದು ಹೋಯಿತು. ಕೂಸು ಗಂಡೋ ಹೆಣ್ಣೋ ಎಂದು ನೀವೀಗ ಕೇಳುತ್ತೀರಿ. ನಾನು ಹೇಳುವುದಿಲ್ಲ. ಜೀವಮಾನವಿಡೀ ಆ ಪ್ರಶ್ನೆ ಕೇಳಿಸಿಕೊಂಡವಳು ನಾನು. ಕೂಸು ದೊಡ್ಡದಾದ ಮೇಲೆ ಅದೇ ಹೇಳುತ್ತದೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಇರಿ.

ಸೋದರತ್ತೆ ತರಬೇಕಾದದ್ದು ಕುಂಚಿಗೆ. ಅದು ಕೂಸಿನ ತಲೆಯಿಂದ ಬೆನ್ನವರೆಗೆ ಇಳಿಯುವ ಟೊಪ್ಪಿಗೆ. ಹಸಿರು ಖಣ ತಂದು, ಕೆಂಪು ಅಂಚು ಕೊಟ್ಟು, ನೆತ್ತಿಗೆ ಸಣ್ಣ ಗೊಂಡೆ ಇಟ್ಟು ಹೊಲಿದೆ. ಎರಡು ಸಲ ಬಿಚ್ಚಿ ಮೂರನೆಯ ಸಲ ಹೊಲಿದೆ. ಗಿರಾಕಿಗಳ ಬಟ್ಟೆಯೆಲ್ಲ ಬಿದ್ದಿತ್ತು. "ನಮ್ಮ ಜಂಪರ ಯಾವಾಗರೀ?" ಎಂದವರಿಗೆ, "ನಾ ಅತ್ತಿ ಆಗೀನಿ, ಹದಿನೈದು ದಿನ ಬರಬ್ಯಾಡ್ರಿ" ಎಂದು ಹೇಳಿ ಕಳಿಸಿದೆ.

ನಮ್ಮ ಪಕ್ಕದ ಮನೆಯಲ್ಲಿ ಚಾಚಿ ಇದ್ದಾಳೆ. ಅವಳ ಗಂಡನದು ಗ್ಯಾರೇಜು. ಅವಳು ಬಂದು ಕುಂಚಿಗೆ ನೋಡಿ, "ಮಾಶಾಅಲ್ಲಾ" ಎಂದಳು. ಆಮೇಲೆ ನನ್ನ ಬೆನ್ನು ಸವರಿ ನೋಡಿ ಚಿಂತೆ ಮಾಡಿದಳು. "ಅರೇ ಬೇಟೀ, ನಿಮ್ಮ ಮಂದಿ ಬಾಳ ಹೊಡೀತಾರ ನಾ. ಜಂಪರದಾಗ ಹತ್ತಿ ಹಾಕಿ ಹೊಲಿ. ಯಾರಿಗಿ ಗೊತ್ತಾಗ್ತದ?"

ಎಂಥ ತಲೆ ನೋಡಿ ಚಾಚಿಯದು! ನಾನು ಅವತ್ತೇ ಹಳೆಯ ತಲೆದಿಂಬೊಂದನ್ನು ಹರಿದೆ. ಹೊಸ ಜಂಪರದ ಬೆನ್ನಿಗೆ ಎರಡು ಪದರ ಕೊಟ್ಟು, ನಡುವೆ ಹತ್ತಿ ತುಂಬಿ, ಒಳಗಿನಿಂದ ಸಣ್ಣಗೆ ಟಾಕು ಹೊಲಿಗೆ ಹಾಕಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಸ್ವಲ್ಪ ದಪ್ಪಗಾದ ಹಾಗೆ ಅನಿಸುತ್ತಿತ್ತು, ಅಷ್ಟೇ. ಹಾಕಿಕೊಂಡು ಚಾಚಿಗೆ ಗುದ್ದಲು ಹೇಳಿದೆ. ಅವಳು ಪ್ರೀತಿಯಿಂದ ಒಂದು ಕೊಟ್ಟಳು. ಏನೂ ಅನಿಸಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ತೊಟ್ಟಿಲ ಕಾರ್ಯ ತಮ್ಮನ ಹೆಂಡತಿಯ ತವರಿನಲ್ಲಿ, ಮುಂಡಗೋಡ ಕಡೆಯ ಚಿಗಳ್ಳಿಯಲ್ಲಿ. ಬಾಡಿಗೆ ಗಾಡಿ ಮಾಡಿಕೊಂಡು ದಾಂಡೇಲಿಯಿಂದ ಹೊರಟೆವು. ತಮ್ಮ ಮೊದಲೇ ಹೋಗಿದ್ದ. ಅಪ್ಪ ಡ್ರೈವರ್ ಪಕ್ಕ ಕೂತು, "ಲಗೂ ಕಾರ್ಯೆ ಮುಗಸ್ರಿ, ಅತ್ತಿವೇರಿಗೆ ಹೋಗಿ ಹಕ್ಕಿ ನೋಡೂಣು" ಎಂದು ಊರು ದಾಟುವ ಮೊದಲೇ ಶುರು ಮಾಡಿದರು. ದಾಂಡೇಲಿಯಲ್ಲಿ ಮನೆ ಮುಂದಿನ ಮರದಲ್ಲೇ ಇಷ್ಟುದ್ದ ಕೊಕ್ಕಿನ ಹಕ್ಕಿ ಬಂದು ಕೂತರೂ ಇವರು ಕತ್ತೆತ್ತಿ ನೋಡಿದವರಲ್ಲ.

ಹಳಿಯಾಳದಲ್ಲಿ ದೊಡ್ಡವ್ವ ಹತ್ತಿದಳು. ದೊಡ್ಡವ್ವ ಅವ್ವನ ಅಕ್ಕ. ನಮ್ಮ ಬಳಗದಲ್ಲಿ ಮದುವೆ, ಬಸಿರಿಯ ಕುಬಸ, ತೊಟ್ಟಿಲು, ಯಾವ ಶಾಸ್ತ್ರವಾದರೂ ಅವಳನ್ನು ಕೇಳಿಯೇ ನಡೆಯಬೇಕು. ಅರಿಷಿಣ ಎಡಕ್ಕಿಟ್ಟರೆ ಬಲಕ್ಕೆ ಇಡಿಸುವವಳು, ಬಲಕ್ಕಿಟ್ಟರೆ ಯಾಕೆ ಎಂದು ಕೇಳುವವಳು. ಅವಳ ಹಿಂದೆ ಅವಳ ಮಗಳೂ ಹತ್ತಿದಳು, ಜರತಾರಿ ಸೀರೆ ಉಟ್ಟು, ಕಂಬದ ಹಾಗೆ ನೆಟ್ಟಗೆ. ಸೀರೆಯ ಮೇಲೆ ನಡುವಿಗೆ ಡಾಕ್ಟರು ಕೊಟ್ಟ ಅಗಲವಾದ ಬೆಲ್ಟು. ಪಾಪ, ಅವಳಿಗೆ ನಡುವಿನ ನೋವು, ಬಗ್ಗುವ ಹಾಗಿರಲಿಲ್ಲ.

"ಈಕಿ ಯಾಕ ಬಂದ್ಲಕ್ಕಾ, ನಡಾ ನೋವು ಇಟ್ಕೊಂಡು?" ಎಂದು ಅವ್ವ ಕೇಳಿದಳು.

"ಮತ್ತ ಹೆಸರು ಯಾರ ಹೇಳಬೇಕು?" ಎಂದಳು ದೊಡ್ಡವ್ವ. "ಕೂಸಿನ ಅಪ್ಪಗ ಈಕೀನೂ ತಂಗೀನ ಅಲ್ಲೇನು?"

ನನ್ನ ಮಡಿಲಲ್ಲಿ ಕುಂಚಿಗೆಯ ಗಂಟಿತ್ತು. ನನ್ನನ್ನು ಗಂಡಸರ ಸೀಟಿಗೂ ಹೆಂಗಸರ ಸೀಟಿಗೂ ನಡುವೆ, ಗುಗ್ಗರಿಗೆಂದು ತಂದ ಕಡಲೆಯ ಚೀಲದ ಪಕ್ಕ ಕೂರಿಸಿದ್ದರು. ನನ್ನ ಮೈಯೆಲ್ಲ ಉರಿಯಿತು.

"ಕೂಸಿನ ಅತ್ತಿ ನಾ ಇಲ್ಲೇ ಕುಂತೀನಿ, ದೊಡ್ಡವ್ವಾ," ಎಂದೆ.

"ಯಾರ ಇಲ್ಲಂದ್ರು? ನಿನಗೂ ಮರ್ಯಾದಿ ಮಾಡ್ತೇವಿ. ಒಂದ ಸೀರಿ ಕೊಡ್ತೇವಿ, ಕೂಸಿನ್ನ ನಿನ್ನ ಕಾಲಿಗೆ ಹಾಕ್ತೇವಿ, ಆಶೀರ್ವಾದ ಮಾಡು. ನಿಮ್ಮಂಥವರ ಆಶೀರ್ವಾದ ಬಾಳ ಚಲೋ ಅಂತಾರ."

ಅಲ್ಲಾ, ನೀವೇ ಹೇಳಿ! ನನ್ನ ತಮ್ಮನ ಕೂಸಿಗೆ ನಾನು ಹೊರಗಿನವಳ ಹಾಗೆ ಬಾಗಿಲಲ್ಲಿ ನಿಂತು ಹರಸಿ ಸೀರೆ ಇಸಿದುಕೊಂಡು ಹೋಗಬೇಕಂತೆ. ಈ ಮಂದಿ ನನ್ನ ಕಾಲು ಮುಟ್ಟಲು ತಯಾರು, ಬೆನ್ನು ಮುಟ್ಟಲು ಮಾತ್ರ ತಯಾರಿಲ್ಲ. ಕಾಲಿಗೆ ಬೀಳುವುದು ದೂರದವರಿಗೆ. ಗುದ್ದುವುದು ನಮ್ಮವರಿಗೆ. ನನಗೆ ದೇವರಾಗುವ ಹಂಬಲ ಇರಲಿಲ್ಲ, ನಾನು ಅತ್ತೆ ಆಗಬೇಕಿತ್ತು, ಅಷ್ಟೇ.

ಇದನ್ನೆಲ್ಲ ನಾನು ಗಾಡಿಯಲ್ಲಿ ಇಷ್ಟು ಚಂದವಾಗಿ ಹೇಳಲಿಲ್ಲ. "ನಿನ್ನ ಸೀರಿ ನೀನ ಉಟ್ಕೋ" ಎಂದು ಚೀರಿದೆ. ಡ್ರೈವರ್ ಹೆದರಿ ಬ್ರೇಕ್ ಹಾಕಿದ. ಕಡಲೆಯ ಚೀಲ ನನ್ನ ಕಾಲ ಮೇಲೆ ಬಿತ್ತು. ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಅಕ್ಕನಿಗೆ ಎದುರು ಮಾತಾಡಿ ಅವಳಿಗೆ ರೂಢಿ ಇಲ್ಲ. ಅದು ನನಗೆ ಗೊತ್ತಿತ್ತು. ಆದರೂ ಆ ಮೌನ ನನಗೆ ದೊಡ್ಡವ್ವನ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಸ್ವಲ್ಪ ದೂರ ಹೋದ ಮೇಲೆ ದೊಡ್ಡವ್ವನ ಮಗಳು ಮೆಲ್ಲಗೆ ಕೇಳಿದಳು, "ಅವ್ವಾ, ಹೆಸರು ಹೇಳತೇನಿ. ಆದ್ರ ಆಮ್ಯಾಲ ಗುದ್ದತಾರಲಾ, ನನ್ನ ನಡದ ಗತಿ ಏನು?"

ದೊಡ್ಡವ್ವ ವಿಚಾರ ಮಾಡಿದಳು. ಬಹಳ ಹೊತ್ತು ಮಾಡಿದಳು. ಕಲಘಟಗಿ ದಾಟುವಾಗ ಅವಳ ತೀರ್ಪು ಹೊರಬಿತ್ತು. ನನ್ನ ಕಡೆ ಕೈ ಮಾಡಿ ಮಗಳಿಗೆ ಹೇಳಿದಳು, "ಹೆಸರು ನೀ ಹೇಳು. ಗುದ್ದು ಈಕಿ ತಿನ್ನಲಿ."

ಅಪ್ಪನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. "ಬ್ಯಾಂಕಿನ್ಯಾಗ ಜಾಮೀನ್ದಾರ ಇರ್ತಾರಲಾ, ಹಂಗ" ಎಂದರು. ನಾನು, "ಗುದ್ದಿಗಷ್ಟ ನಾನು ಅತ್ತಿ, ಹೆಸರಿಗೆ ಆಕಿ ಅತ್ತಿ? ಆಗೂದಿಲ್ಲ ಅಂದ್ರ ಆಗೂದಿಲ್ಲ. ಎರಡೂ ಕೊಡ್ರಿ, ಇಲ್ಲಾ ಎರಡೂ ಆಕೀನ ತಗೊಳ್ಳಲಿ" ಎಂದೆ. ದೊಡ್ಡವ್ವನ ಮಗಳು ಎರಡೂ ತನಗೆ ಬೇಡ ಎಂಬಂತೆ ನನ್ನ ಕಡೆ ನೋಡಿದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳೂ ನನ್ನ ಹಾಗೆಯೇ ಸಿಕ್ಕಿಹಾಕಿಕೊಂಡಿದ್ದಳು.

ಚಿಗಳ್ಳಿಯಲ್ಲಿ ಅಂಗಳದ ಪೆಂಡಾಲಿನಲ್ಲಿ ಗಂಡಸರು, ಒಳಗೆ ಹೆಂಗಸರು. ನಾನು ಹೊಸ್ತಿಲ ಮೇಲೆ ನಿಂತೆ. ಅಪ್ಪ ಹಿಂದಿನಿಂದ, "ಒಳಗ ನಡಿಯವ್ವಾ, ಇಲ್ಲಿ ಖುರ್ಚಿ ಖಾಲಿ ಇಲ್ಲ" ಎಂದರು. ಖುರ್ಚಿಗಳು ಬೇಕಾದಷ್ಟು ಖಾಲಿ ಇದ್ದವು.

ಒಳಗೆ ತೊಟ್ಟಿಲು ಕಟ್ಟಿ, ಹೂ ಹಾಕಿ ಸಿದ್ಧವಿತ್ತು. ತಮ್ಮನ ಹೆಂಡತಿ ಕೂಸನ್ನು ಹಿಡಿದು ಕೂತಿದ್ದಳು. ಒಳ್ಳೆಯ ಹುಡುಗಿ. ಮದುವೆಯಾಗಿ ಬಂದಾಗಿನಿಂದ ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ, "ಇಲ್ಲಿ ನೋಡ್ರೀ", "ಊಟಕ್ಕ ಬರ್ರೀ" ಎಂದೇ ಕಾಲ ತಳ್ಳಿದ್ದಳು. ನಾನು ಕುಂಚಿಗೆಯ ಗಂಟು ಕೊಟ್ಟೆ. ಅವಳು ಬಿಚ್ಚಿ ಕೂಸಿಗೆ ಹಾಕಿದಳು. ಗೊಂಡೆ ನೆತ್ತಿಯ ಮೇಲೆ ಸರಿಯಾಗಿ ಕೂತಿತು. ಹೆಂಗಸರೆಲ್ಲ, "ಅಯ್ಯ, ಎಷ್ಟ ಛಂದ ಐತಿ, ಯಾರ ಹೊಲದಾರ?" ಎಂದು ಕೇಳಿದರು. ದೊಡ್ಡವ್ವ ಅತ್ತ ತಿರುಗಿ ದೀಪದ ಬತ್ತಿ ಸರಿ ಮಾಡತೊಡಗಿದಳು.

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ದೊಡ್ಡವ್ವ ಮಗಳನ್ನು ಮುಂದೆ ತಳ್ಳಿದಳು. "ಅತ್ತಿ ಬಂದ್ಲು, ಅತ್ತಿ ಬಂದ್ಲು" ಎಂದು ಹೆಂಗಸರು ಬಳೆ ಮೇಲೇರಿಸಿಕೊಂಡರು. ಅದರಲ್ಲಿ ಇಬ್ಬರು ಗದ್ದೆ ಕೆಲಸದ ಗಟ್ಟಿಗಿತ್ತಿಯರು. ಅವರ ಮುಷ್ಟಿ ನೋಡಿ ಪಾಪದವಳ ಮುಖ ಬಿಳಿಚಿಕೊಂಡಿತು. ಧೈರ್ಯ ಮಾಡಿ ಬಗ್ಗಿದಳು. ಅರ್ಧ ಬಗ್ಗುವಷ್ಟರಲ್ಲಿ ನಡುವಿನ ಬೆಲ್ಟು 'ಚರ್‌ರ್‌ರ್' ಎಂದು ಬಿಚ್ಚಿಕೊಂಡಿತು. ಆ ಸದ್ದಿಗೆ ಕೂಸು ಬೆಚ್ಚಿ ಕಿಟಾರನೆ ಕಿರುಚಿತು. ಅವಳೂ ಕಿರುಚಿದಳು. ಇಬ್ಬರಲ್ಲಿ ಯಾರನ್ನು ಮೊದಲು ಸಮಾಧಾನ ಮಾಡಬೇಕೋ ಯಾರಿಗೂ ತಿಳಿಯಲಿಲ್ಲ.

"ನನ್ನ ಕೈಲೆ ಆಗೂದಿಲ್ಲವ್ವಾ!" ಎಂದಳು ಅವಳು, ಬೆಲ್ಟು ಹಿಡಿದುಕೊಂಡು. "ಕೂಸಿನ ಖಾಸಾ ಅತ್ತಿ ಇಲ್ಲೇ ಕಲ್ಲಾಗಿ ನಿಂತಾಳ. ನಾ ಯಾಕ ನಡಾ ಮುರಕೊಳ್ಳಲಿ?"

ತಮ್ಮನ ಹೆಂಡತಿ ನನ್ನ ಕಡೆ ತಿರುಗಿದಳು. "ಲಗೂನ ಬರ್ರಿ ಅಕ್ಕಾರ, ಕೂಸು ಅಳಾಕ್ಹತ್ತೇತಿ."

ಅಕ್ಕಾರ! ನಾನು ಯಾರ ಮುಖವನ್ನೂ ನೋಡದೆ ತೊಟ್ಟಿಲಿಗೆ ಬಗ್ಗಿದೆ. ಕೂಸಿನ ಕಿವಿ ಬೆಚ್ಚಗೆ, ಎಣ್ಣೆಯ ವಾಸನೆ. "ಕುರ್‌ರ್‌ರ್" ಎಂದೆ. ನನ್ನ ದಪ್ಪ ದನಿಗೆ ಅದು ಅಳು ನಿಲ್ಲಿಸಿ ಕಣ್ಣರಳಿಸಿತು. ಹೆಸರು ಹೇಳಿದೆ. ಹೆಸರೇನೆಂದು ನಿಮಗೆ ಬೇಡ, ಅದು ಅತ್ತೆಗೂ ಕೂಸಿಗೂ ಸೇರಿದ್ದು.

ಹೇಳಿ, ಬೆನ್ನು ಬಗ್ಗಿಸಿಕೊಂಡೇ ನಿಂತೆ.

ಏನೂ ಬೀಳಲಿಲ್ಲ. ಹಿಂದೆ ಬಳೆಗಳ ಸದ್ದೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ ಎಂದು ಬಗ್ಗಿದಲ್ಲೇ ನನಗೆ ತಿಳಿಯಿತು. ಹೊಡೆಯಬೇಕೋ ಬೇಡವೋ, ಮುಟ್ಟಬಹುದೋ ಬಾರದೋ. ಆಮೇಲೆ ನನ್ನ ಪಾದಕ್ಕೆ ಏನೋ ತಾಗಿತು. ನೋಡಿದರೆ, ಆ ಗಟ್ಟಿಗಿತ್ತಿಯರಲ್ಲಿ ಒಬ್ಬಳು ಭಕ್ತಿಯಿಂದ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾಳೆ! ಅವಳ ಹಿಂದೆ ಇನ್ನೊಬ್ಬಳು ಪಾಳಿಗೆ ನಿಂತಿದ್ದಾಳೆ. ನನಗೆ ಅಳು ಬಂತು. ಇಷ್ಟು ದೂರ ಬಂದು, ಹತ್ತಿ ತುಂಬಿದ ಜಂಪರ ಹಾಕಿಕೊಂಡು, ಕೊನೆಗೆ ದೇವರಾಗಿ ಹೋದೆನಲ್ಲ ಎಂದು.

"ಏಯ್!" ಎಂದು ದೊಡ್ಡವ್ವನ ದನಿ ಬಂತು. "ಏನ ಮಾಡಾಕ್ಹತ್ತೀರಿ? ತೊಟ್ಲಾಗ ಹೆಸರು ಬಿದ್ದೇತಿ, ಗುಗ್ಗರಿ ಆರಾಕ್ಹತ್ತೇತಿ, ನೀವು ಕಾಲ ಹಿಡಕೋಂತ ಕುಂತೀರಿ! ಅತ್ತಿ ಕಾಲ ಯಾರರೆ ಹಿಡೀತಾರೇನು? ಬೆನ್ನಿಗೆ ಹಾಕಬೇಕು!"

ನನ್ನ ಮೇಲಿನ ಪ್ರೀತಿಯಿಂದ ಅಂದಳು ಎಂದು ನಾನು ಹೇಳುವುದಿಲ್ಲ. ಅರ್ಧಕ್ಕೆ ನಿಂತ ಶಾಸ್ತ್ರ ಅವಳ ಕಣ್ಣಿಗೆ ಅರ್ಧ ಹೊಲಿದ ಜಂಪರದ ಹಾಗೆ, ಅದನ್ನು ನೋಡಿ ಸಹಿಸುವವಳಲ್ಲ. ಸೀರೆ ಸಿಕ್ಕಿಸಿಕೊಂಡು ತಾನೇ ಬಂದು, ಕೈಯೆತ್ತಿ ಗುದ್ದಿದಳು.

'ಪುಸ್' ಎಂದಿತು.

ದೊಡ್ಡವ್ವ ತನ್ನ ಮುಷ್ಟಿ ನೋಡಿಕೊಂಡಳು. ಇನ್ನೊಂದು ಗುದ್ದಿದಳು. ಮತ್ತೆ 'ಪುಸ್'. ಆಮೇಲೆ ಎರಡು ಬೆರಳಿನಿಂದ ನನ್ನ ಬೆನ್ನನ್ನು ಹಿಸುಕಿ ನೋಡಿದಳು, ಸಂತೆಯಲ್ಲಿ ಗಾದಿ ಕೊಳ್ಳುವವರ ಹಾಗೆ. ಟಾಕು ಕಿತ್ತು ಒಳಗಿನ ಹತ್ತಿ ಒಂದು ಎಳೆ ಹೊರಬಂತು.

"ಅಯ್ಯ ನಿನ್ನ! ಹತ್ತಿ ತುಂಬಿಸ್ಕೊಂಡ ಬಂದೀ?"

ನಗೆಗೆ ಮನೆಯೇ ಹಾರಿಹೋಗುವಂತಾಯಿತು. ತಮ್ಮನ ಹೆಂಡತಿ ಕೂಸಿನ ತೊಟ್ಟಿಲು ಹಿಡಿದು ನಕ್ಕಳು, ಬೆಲ್ಟಿನವಳು ನಡು ಹಿಡಿದು ನಕ್ಕಳು. ಕಾಲು ಮುಟ್ಟಿದವಳಂತೂ ಕಣ್ಣೊರೆಸಿಕೊಳ್ಳುತ್ತಿದ್ದಳು. ದೊಡ್ಡವ್ವ ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಬೈದಳು:

"ನಾಚಿಕಿ ಬರೂದಿಲ್ಲ? ನಮ್ಮ ಮನಿತನದಾಗ ಇಷ್ಟ ಮಂದಿ ಅತ್ತಿಗೋಳ ಆಗಿ ಹೋದ್ರು, ಒಬ್ಬಾಕಿ ಹಿಂಗ ಮೋಸಾ ಮಾಡಿದ್ದಿಲ್ಲ! ನಡಿ ಒಳಗ, ಜಂಪರ ಬದಲಿಸ್ಕೊಂಡ ಬಾ. ಎಲ್ಲಾ ಮತ್ತೊಮ್ಮೆ ಮಾಡಬೇಕು."

ನಮ್ಮ ಮನೆತನದ ಅತ್ತೆಯರ ಸಾಲಿನಲ್ಲಿ ನಾನೇ ಮೊದಲ ಮೋಸಗಾರ್ತಿ! ಇಷ್ಟು ಚಂದದ ಬೈಗುಳವನ್ನು ನಾನು ಜೀವನದಲ್ಲಿ ಕೇಳಿರಲಿಲ್ಲ. ಒಳಗಿನ ಕೋಣೆಗೆ ಓಡಿದೆ. ದೊಡ್ಡವ್ವನ ಚೀಲದಲ್ಲಿ ಅವಳದೇ ಒಂದು ಹೆಚ್ಚಿನ ಜಂಪರ ಇತ್ತು, ಅದರಲ್ಲಿ ನನ್ನಂಥ ಇಬ್ಬರು ಹಿಡಿಯುತ್ತಿದ್ದರು. ಅವಳ ಮಗಳು ಬಂದು ಪಿನ್ನು ಚುಚ್ಚಿ ಬಿಗಿ ಮಾಡಿಕೊಟ್ಟಳು. ಹೊರಗಿನಿಂದ ಅಪ್ಪ, "ಮುಗೀತೇನ್ರೀ? ಹಕ್ಕಿ ಮಲಗೂ ಹೊತ್ತಾತು" ಎಂದು ಕೂಗಿದರು. ಹೊತ್ತು ಇನ್ನೂ ನಡುಮಧ್ಯಾಹ್ನ.

ಮತ್ತೆ ತೊಟ್ಟಿಲಿಗೆ ಬಗ್ಗಿದೆ. "ಹೆಸರು ಇನ್ನೊಮ್ಮೆ ಹೇಳಬೇಕೇನು?" ಎಂದು ಕೇಳಿದೆ.

"ಹೇಳು. ಕೂಸು ಮರತಿರತೈತಿ," ಎಂದಳು ದೊಡ್ಡವ್ವ.

ಹೇಳಿದೆ. ಈ ಸಲ ಕಾಯಬೇಕಾಗಲಿಲ್ಲ. ಮೊದಲನೆಯ ಗುದ್ದು ಎಷ್ಟು ಜೋರಾಗಿ ಬಿತ್ತೆಂದರೆ ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡೆ. ದೊಡ್ಡವ್ವನದೇ ಎಂದುಕೊಂಡು ತಿರುಗಿ ನೋಡಿದರೆ, ಅವ್ವ! ಗಾಡಿಯಲ್ಲಿ ಕಿಟಕಿ ನೋಡುತ್ತ ಕೂತಿದ್ದ ನನ್ನವ್ವ, ಕಣ್ತುಂಬ ನೀರು ತುಂಬಿಕೊಂಡು, ಮುಷ್ಟಿ ಇನ್ನೂ ಮೇಲೆಯೇ ಇಟ್ಟುಕೊಂಡು ನಿಂತಿದ್ದಾಳೆ.

"ಇದು ಅವತ್ತ ಸುಮ್ಮನ ಹಂಚಿದ ಪೇಡೇದ್ದು," ಎಂದಳು.

ಅವಳ ಹಿಂದೆ ಉಳಿದವರೆಲ್ಲ ಬಂದರು. ಗಟ್ಟಿಗಿತ್ತಿಯರು, ದೊಡ್ಡವ್ವ, ಹೆಸರೂ ಗೊತ್ತಿಲ್ಲದ ಚಿಗಳ್ಳಿಯ ಮುದುಕಿಯರು. ಬಳೆಗಳ ಸದ್ದು, ಗುದ್ದಿನ ಸದ್ದು, ನಗೆ. ನಾನು ಅಳುವುದನ್ನು ನೋಡಿ ಯಾರೋ ಕೈ ತಡೆದು ಕೇಳಿದರು, "ಜೋರಾತೇನವ್ವಾ? ನೋಯ್ತೇನು?"

"ನೋಯ್ತರೀ," ಎಂದೆ. "ಇನ್ನೊಂದ ಹಾಕ್ರಿ."

ಹಾಕಿದರು.